ಆ ನಗುವಿಗೆ ಯಾವ ಶಬ್ದ?

“ಸರ್, ನಾ ಮಾತಾಡಿದಾಗ ಇವ್ರೆಲ್ಲಾ ನಗ್ತಾರಲ್ರಿ, ಅದಕ್ಕ ಇದ್ರಾಗ ಯಾವ ಶಬ್ದ ಅನ್ಬೇಕ್ರಿ?”

ಕೊನೆಯ ಬೆಂಚಿನಿಂದ ಎದ್ದು ನಿಂತು ಕೇಳಿದವಳು ಗುಳೇದಗುಡ್ಡದ ನೇಕಾರರ ಮನೆಯ ಹುಡುಗಿ. ವಿದ್ಯಾಗಿರಿಯಲ್ಲಿ ನಾನು ನಡೆಸುವ ಸ್ಪೋಕನ್ ಇಂಗ್ಲಿಷ್ ತರಗತಿಗೆ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಅಂದು ನಾನು ಬೋರ್ಡಿನ ಮೇಲೆ ಟೀಸ್, ಮಾಕ್, ರಿಡಿಕ್ಯೂಲ್ ಎಂದು ಬರೆದು, ಛೇಡಿಸುವುದು ಬೇರೆ, ಅಣಕಿಸುವುದು ಬೇರೆ, ಹೀಯಾಳಿಸುವುದು ಬೇರೆ ಎಂದು ವಿವರಿಸುತ್ತಿದ್ದೆ.

“ಗೆಳತ್ಯಾರು ಸುಮ್ನ ಛೇಡಿಸ್ತಾರವಾ, ಟೀಸ್ ಅಂತ ಬರ್ಕೊ” ಎಂದು ಸಮಾಧಾನ ಮಾಡಹೋದೆ.

“ನನಗಿಲ್ಲಿ ಗೆಳತ್ಯಾರು ಯಾರೂ ಇಲ್ರಿ. ಮೊನ್ನಿ ನಾ ಐಲ್ಯಾಂಡ್ ಅನ್ನೂದನ್ನ ಇಸ್‌ಲ್ಯಾಂಡ್ ಅಂದಾಗ ನೀವೂ ನಕ್ಕಿದ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಸರಿಯಾದ ಶಬ್ದ ಯಾವುದೆಂದು ತಿಳಿಯಲೆಂದೇ ಕೇಳಿದ್ದಳು. ನಾನು ನಕ್ಕದ್ದು ನನಗೆ ನೆನಪೇ ಇರಲಿಲ್ಲ. ಬೋರ್ಡಿನ ಕೊನೆಯ ಶಬ್ದಕ್ಕೆ ಬೆರಳಿಟ್ಟು, “ಇದವಾ. ತಪ್ಪು ನಂದು” ಎಂದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ನಿಧಾನವಾಗಿ ಬರೆದುಕೊಂಡು ಕುಳಿತಳು. ಕೋರ್ಸ್ ಮುಗಿಯುವ ತನಕ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ನಾನು ಎಷ್ಟು ಕರೆದರೂ ಮತ್ತೆ ಎದ್ದು ನಿಂತು ಇಂಗ್ಲಿಷಿನಲ್ಲಿ ಮಾತಾಡಲಿಲ್ಲ.

ಈಗ ಯಾರಾದರೂ ತಪ್ಪಾಗಿ ಉಚ್ಚರಿಸಿದರೆ ನಾನು ನಗುವುದಿಲ್ಲ, ನಗಲು ಬಿಡುವುದೂ ಇಲ್ಲ. ಆದರೂ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಮೂರು ತಿಂಗಳು ಆ ಬೆಂಚಿನಲ್ಲಿ ಅವಳೊಬ್ಬಳೇ ಕೂರುತ್ತಿದ್ದಳು. ದಿನವೂ ನೋಡುತ್ತಿದ್ದೆ, ಯಾಕೆಂದು ಒಮ್ಮೆಯೂ ಕೇಳಲಿಲ್ಲ.