ಹೆಬ್ಬೆಟ್ಟಿನ ಗೆರೆ

ಪ್ರಗತಿಪತ್ರಕ್ಕೆ ತಾಯಿತಂದೆಯರು ಶಾಲೆಗೇ ಬಂದು ಸಹಿ ಹಾಕಬೇಕೆಂಬುದು ಚಳ್ಳಕೆರೆಯಲ್ಲಿ ನಾನು ಮೇಷ್ಟ್ರಾಗಿದ್ದ ಶಾಲೆಯ ನಿಯಮ. ಎರಡನೇ ತರಗತಿಯ ಹುಡುಗಿಯೊಬ್ಬಳ ತಾಯಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಕೂಲಿಗೆ ಶೇಂಗಾ ಸುಲಿದು ಸುಲಿದು ಆಕೆಯ ಬೆರಳಿನ ಗೆರೆಗಳೇ ಸವೆದಿದ್ದವು. ಕಾಗದದ ಮೇಲೆ ಬರೀ ಮಸಿಯ ಕಲೆ ಬೀಳುತ್ತಿತ್ತು. ನಾನು ಮತ್ತೆ ಮತ್ತೆ ಒತ್ತಿಸುತ್ತಿದ್ದೆ. ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ಪ್ರತಿಸಲವೂ ಬೇಡಿಕೊಳ್ಳುತ್ತಿದ್ದಳು: "ನಂದು ಸರಿಯಾಗಿ ಬೀಳ್ಲಿಲ್ಲ ಅಂತ ಮಗೀನ ಫೇಲ್ ಮಾಡ್ಬ್ಯಾಡ್ರಿ ಸಾರ್."

ಮರುವರ್ಷ ಮಗಳ ಹೆಸರು ತೆಗೆಸಲು ಬಂದಳು. ಕಾಯಿಲೆ ಬಿದ್ದು ಮೂರು ತಿಂಗಳಿಂದ ಶೇಂಗಾ ಮುಟ್ಟಿರಲಿಲ್ಲವಂತೆ. "ಸುಲಿಯಾಕೆ ನನ್ ಬದ್ಲು ಅವ್ಳೇ ಹೋಗ್ತಾಳ್ರಿ."

ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಿದಳು. ಒಂದೊಂದು ಗೆರೆಯೂ ಸ್ಪಷ್ಟವಾಗಿ ಮೂಡಿತು.

"ಈ ಸಲ ಸರಿ ಬಿತ್ತಲ್ರಿ ಸಾರ್?"

ಮತ್ತೊಮ್ಮೆ ಒತ್ತು ಎನ್ನಲು ನನಗೆ ನೆಪವೇ ಉಳಿದಿರಲಿಲ್ಲ.