ಒಣಗಲೆಂದು ಇಟ್ಟ ಬಿಲ್ಲಿನ ಕೋಲು

ಕಾಲೇಜಿನ ವರ್ಕ್‌ಶಾಪಿನಲ್ಲಿ ಇವತ್ತು ಮರಗೆಲಸ. ನನಗೆ ಮೊದಲೇ ಟೆನ್ಷನ್. ಉಳಿ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಹಸಿ ಕಟ್ಟಿಗೆಯ ವಾಸನೆ ಮೂಗಿಗೆ ಬಡಿಯಿತು. ಆ ಕ್ಷಣ ನಾನು ಮತ್ತೆ ನಮ್ಮೂರು ಹೂಲಿಯ ಗುಡ್ಡದಲ್ಲಿದ್ದೆ, ಅಜ್ಜನ ಹಿಂದೆ.

ಚಿಕ್ಕವಳಿದ್ದಾಗ ಒಮ್ಮೆ, ಶಾಲೆಗೆ ರಜೆಯೆಂದು ಹಾಸ್ಟೆಲಿನಿಂದ ಸೂಟಿಗೆ ಬಂದವಳು ಬಿಲ್ಲು ಬೇಕೆಂದು ಹಟ ಹಿಡಿದಿದ್ದೆ.

“ಯಾರಿಗೆ ಹೊಡಿಯಾಕ ಯವ್ವಾ?”

“ವಾರ್ಡನ್‌ಗೆ!”

“ಹಂಗಾರ ಗಟ್ಟಿ ಕಟ್ಟಿಗೀನ ಬೇಕು,” ಎಂದು ಅಜ್ಜ ನಕ್ಕ.

ಕಡಿಯುವ ಮೊದಲು ಪ್ರತಿ ಟೊಂಗೆಯನ್ನೂ ಗಿಡದಲ್ಲೇ ಬಗ್ಗಿಸಿ ಬಿಡುತ್ತಿದ್ದ. ಬೇವು ಬಗ್ಗಿದಲ್ಲೇ ಉಳಿಯಿತು. ಜಾಲಿ ಲಟಕ್ಕನೆ ಮುರಿಯಿತು. ಕಡೆಗೆ ತಡಸಲ ಗಿಡದ ಟೊಂಗೆಯೊಂದು ಬಗ್ಗಿ, ಕೈಬಿಟ್ಟೊಡನೆ ನೆಟ್ಟಗಾಯಿತು. ಅದನ್ನು ಕಡಿದು ತಂದು ಒಲೆಯ ಮೇಲಿನ ಜಂತಿಗೆ ಕಟ್ಟಿದ.

“ಹಸೀದು ಬಗ್ಗಿಸಿ ಕಟ್ಟಿದ್ರ ಹಂಗ ಸೊಟ್ಟ ಆಗತೈತಿ, ಒಣಗಲಿ. ಮುಂದಿನ ಸೂಟಿಗೆ ಬಾ, ಹಗ್ಗ ಕಟ್ಟೂಣು.”

ಮುಂದಿನ ಸೂಟಿಗೆ ಬಂದಾಗ ಜಂತಿ ಬರಿದಾಗಿತ್ತು. ಅಜ್ಜನ ಒಂದು ಕಾಲು ಸ್ವಾಧೀನದಲ್ಲಿರಲಿಲ್ಲ. ಅದೇ ಕೋಲು ಊರಿಕೊಂಡು ಬಾಗಿಲಲ್ಲಿ ನಿಂತಿದ್ದ. “ಇನ್ನಾ ಒಣಗಿಲ್ಲ ಯವ್ವಾ,” ಎಂದ, ನನ್ನ ಮುಖ ನೋಡದೆ. ನಾನೂ ಬಿಲ್ಲಿನ ಮಾತು ಎತ್ತಲಿಲ್ಲ.

ಅದರ ಮುಂದಿನ ಸೂಟಿಗೆ ಅಜ್ಜ ಇರಲಿಲ್ಲ. ಅವ್ವ ಕೋಲು ತಂದುಕೊಟ್ಟಳು. “ನಿನಗ ಕೊಡು ಅಂದಿದ್ರು, ತಗೋ.” ಅದರ ತುದಿ ಅಜ್ಜನ ಅಂಗೈಗೆ ಸವೆದು ನುಣುಪಾಗಿತ್ತು. ಮೊಣಕಾಲಿಗೆ ಒತ್ತಿದೆ. ಬಗ್ಗಿತು, ಕೈಬಿಟ್ಟೊಡನೆ ನೆಟ್ಟಗಾಯಿತು. ಎಂದೋ ಒಣಗಿತ್ತು. ಹಗ್ಗ ಕಟ್ಟಲು ಮನಸ್ಸಾಗಲಿಲ್ಲ.

ಇವತ್ತು ವರ್ಕ್‌ಶಾಪಿನಲ್ಲಿ ಕೊಟ್ಟ ತುಂಡನ್ನೂ ನಾನು ನನಗೇ ಅರಿವಿಲ್ಲದೆ ಮೊಣಕಾಲಿಗೆ ಒತ್ತುತ್ತಿದ್ದೆ.

“ಏನ್ ಮಾಡಾಕತ್ತೀಯಲೇ?” ಎಂದಳು ಪಕ್ಕದ ಗೆಳತಿ.

“ಒಣಗೈತೇನ ನೋಡಾಕತ್ತೇನಿ.”