ಹುರುಳಿಕಾಳು ಮೊಳೆಯುತ್ತಿದ್ದ ಸರ್ವರ್

ಮದ್ದೂರಿನಲ್ಲಿ ನಾನು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸು ಮುಚ್ಚಿದ ಮೇಲೆ ಅಲ್ಲಿದ್ದ ಮೂರು ಹಳೇ ಕಂಪ್ಯೂಟರುಗಳನ್ನು ಬೆಸಗರಹಳ್ಳಿಯ ಮನೆಗೆ ತಂದು ಸಾಮಾನು ಕೋಣೆಯಲ್ಲಿ ಇಟ್ಟೆ. ಗುಜರಿಯವನು ಬಂದು ತೂಕಕ್ಕೆ ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಊರ ಹೆಣ್ಣುಮಕ್ಕಳಿಗೆಲ್ಲ ಟೈಪಿಂಗ್ ಕಲಿಸಿದ ಯಂತ್ರವನ್ನು ಈರುಳ್ಳಿಯ ಹಾಗೆ ತಕ್ಕಡಿಗೆ ಹಾಕುವುದೇ? ಅವನನ್ನು ಬೈದು ಕಳಿಸಿದೆ. ಕಳಿಸಿದ ಮೇಲೆ ಅವುಗಳನ್ನು ಇಟ್ಟುಕೊಂಡು ಏನು ಮಾಡುವುದೆಂದು ನನಗೂ ಹೊಳೆಯಲಿಲ್ಲ.

ಹೊಳೆದದ್ದು ನನ್ನ ಗೆಳತಿಗೆ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಈಗ ಅವಳು ಮಳವಳ್ಳಿಯಲ್ಲಿ ಅಪ್ಪನ ಜೊತೆ ಇದ್ದುಕೊಂಡು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇಬ್ಬರಿಗೂ ಒಂದು ಆಟದ ಹುಚ್ಚು. ಚೌಕ ಚೌಕದ ಇಟ್ಟಿಗೆ ಜೋಡಿಸುತ್ತ ಮನೆ, ಕೆರೆ, ಗುಡ್ಡ ಏನು ಬೇಕಾದರೂ ಕಟ್ಟಬಹುದಾದ ಆಟ ಅದು. ಬೇರೆ ಬೇರೆ ಊರಿನವರು ಒಂದೇ ಲೋಕದಲ್ಲಿ ಸೇರಿ ಕಟ್ಟಬೇಕಾದರೆ ಯಾವುದಾದರೂ ಒಂದು ಕಂಪ್ಯೂಟರ್ ಆ ಲೋಕವನ್ನು ಹೊತ್ತುಕೊಂಡು ಸದಾ ಎಚ್ಚರವಾಗಿರಬೇಕು. ಅದಕ್ಕೇ ಸರ್ವರ್ ಅನ್ನುವುದು.

"ಲೇ, ನಿನ್ನತ್ರ ಮೂರು ಎಣ ಬಿದ್ದವಲ್ಲ, ಒಂದಕ್ಕಾದ್ರೂ ಜೀವ ಕೊಡೆ" ಅಂದಳು ಫೋನಿನಲ್ಲಿ.

ಎರಡನ್ನು ಬಿಚ್ಚಿ ಒಂದು ಮಾಡಿದೆ. ಒಂದರ ಹೊಟ್ಟೆಗೆ ಇನ್ನೊಂದರ ಮೆಮೊರಿ, ಹಾರ್ಡ್ ಡಿಸ್ಕಿಗೆ ಸೀರೆ ಅಂಚಿನ ಕಟ್ಟು, ಮುಚ್ಚಳಕ್ಕೆ ಸ್ಕ್ರೂ ಸಾಲದೆ ಒಂದು ಕಡೆ ತಂತಿ. ನೋಡುವುದಕ್ಕೆ ಮರ್ಯಾದಸ್ಥರ ಮನೆಯ ವಸ್ತುವಲ್ಲ. ಆದರೆ ಗುಂಡಿ ಒತ್ತಿದಾಗ ಗುಂಯ್ ಎಂದು ಎದ್ದು ಕೂತಿತು. ಮೂರನೆಯದನ್ನು ಅಟ್ಟಕ್ಕೆ ಹಾಕಿದೆ. ಅವತ್ತಿನಿಂದ ಸಂಜೆ ಸಂಜೆ ಮಳವಳ್ಳಿಯಿಂದ ಅವಳು, ಬೆಸಗರಹಳ್ಳಿಯಿಂದ ನಾನು, ಆ ಲೋಕದಲ್ಲಿ ಭೇಟಿಯಾಗತೊಡಗಿದೆವು.

ನಾನು ಸುಮ್ಮನೆ ಕಬ್ಬಿನ ಗದ್ದೆ, ಏರಿ, ಕಾಲುವೆ ಅಂತ ಮನಸ್ಸಿಗೆ ಬಂದದ್ದು ಕಟ್ಟುತ್ತಿದ್ದೆ. ಅವಳು ಮಾತ್ರ ಒಂದೇ ಕೆಲಸಕ್ಕೆ ಅಂಟಿಕೊಂಡಿದ್ದಳು. ಅವಳ ಅಪ್ಪನಿಗೆ ಮಳವಳ್ಳಿಯ ದೊಡ್ಡ ರಸ್ತೆಯಲ್ಲಿ ಒಂದು ಗ್ಯಾರೇಜಿತ್ತು. ತಗಡಿನ ಶೆಡ್ಡು, ಮುಂದೊಂದು ಬೇವಿನ ಮರ. ಟ್ರ್ಯಾಕ್ಟರು, ಟಿಲ್ಲರು, ಸ್ಕೂಟರು, ಸುತ್ತಲ ಹಳ್ಳಿಯವರಿಗೆ ಏನು ಕೆಟ್ಟರೂ ಅವರೇ ಗತಿ. ರಸ್ತೆ ಅಗಲ ಮಾಡುವಾಗ ಶೆಡ್ಡೂ ಹೋಯಿತು, ಮರವೂ ಹೋಯಿತು. ಪರಿಹಾರ ಬಂತು, ಬೇರೆ ಕಡೆ ಮಳಿಗೆಯೂ ಸಿಗುತ್ತಿತ್ತು, ಆದರೆ ಅವರು ಮತ್ತೆ ಸ್ಪ್ಯಾನರು ಹಿಡಿಯಲಿಲ್ಲ. ಮನೆಯಿಂದ ಮಸೀದಿಗೆ ಹೋಗುವುದಿದ್ದರೂ ಆ ರಸ್ತೆ ಬಿಟ್ಟು ಹಿಂದಿನ ಬೀದಿ ಸುತ್ತಿಕೊಂಡು ಹೋಗುತ್ತಿದ್ದರು. "ನಮ್ಮ ಅಬ್ಬಾ ಮಾತೇ ಆಡಲ್ಲ ಕಣೇ" ಎಂದು ಅವಳು ಆಗಾಗ ಹೇಳುತ್ತಿದ್ದಳು.

ಆ ಗ್ಯಾರೇಜನ್ನೇ ಅವಳು ಆಟದೊಳಗೆ ಕಟ್ಟುತ್ತಿದ್ದಳು. ಸ್ಕೂಲಿನ ದಿನಗಳಲ್ಲಿ ಅಪ್ಪನಿಗೆ ಊಟದ ಕ್ಯಾರಿಯರ್ ಒಯ್ದು ಕೊಡುತ್ತಿದ್ದವಳು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಗಾಡಿ ಅಡಿಗೆ ಇಳಿದು ಕೆಲಸ ಮಾಡುವ ಗುಂಡಿ, ತೊಲೆಯಿಂದ ಇಳಿಬಿದ್ದ ಸರಪಳಿ, ಗಿರಾಕಿಗಳು ಕೂರುವ ಕಲ್ಲುಬೆಂಚು. ಬೇವಿನ ಮರವನ್ನಂತೂ ಕೊಂಬೆ ಸರಿಯಿಲ್ಲವೆಂದು ಎಷ್ಟು ಸಲ ಕಡಿದು ನೆಟ್ಟಳೋ. ಮುಗಿದ ಮೇಲೆ ಅಪ್ಪನನ್ನು ಭಾನುವಾರ ನಮ್ಮನೆಗೆ ಕರೆತಂದು ನಮ್ಮ ದೊಡ್ಡ ಟಿವಿಯಲ್ಲಿ ತೋರಿಸುವುದೆಂದು ಮಾತಾಯಿತು. ಅವರಿಗೆ ಏನೂ ಹೇಳಿರಲಿಲ್ಲ. ಊಟಕ್ಕೆ ಕರೆದಿದ್ದಾರೆ ಅಂತಷ್ಟೇ ಹೇಳಿದ್ದಳು.

ಊಟ ಅಂದಮೇಲೆ ಅತ್ತೆ ಕತೆಗೆ ಬರಬೇಕಲ್ಲ. ನಮ್ಮತ್ತೆಗೆ ಸರ್ವರ್ ಅಂದರೆ "ಗುಂಯ್ಗುಟ್ಟೋ ಡಬ್ಬ". ಮೊದಮೊದಲು ಅದರ ಮೇಲೆ ಸಿಟ್ಟಿತ್ತು. ಚಳಿ ಶುರುವಾದ ಮೇಲೆ ಸಿಟ್ಟು ಪ್ರೀತಿಗೆ ತಿರುಗಿತು. ಚಳಿಯಲ್ಲಿ ಹುರುಳಿಕಾಳು ಬೇಗ ಮೊಳಕೆ ಬರುವುದಿಲ್ಲ. ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಚ್ಚಗಿನ ಜಾಗ ಹುಡುಕಬೇಕು. ಸೌದೆ ಒಲೆ ಹೋದಮೇಲೆ ನಮ್ಮನೆಯಲ್ಲಿ ಬೆಚ್ಚಗಿನ ಜಾಗವೇ ಇರಲಿಲ್ಲ. ಒಂದು ದಿನ ಸಾಮಾನು ಕೋಣೆಗೆ ಹೋಗಿ ನೋಡುತ್ತೇನೆ, ಸರ್ವರಿನ ನೆತ್ತಿಯ ಮೇಲೆ ಸಣ್ಣದೊಂದು ಗಂಟು ಪೇಟದ ಹಾಗೆ ಕೂತಿದೆ.

"ಒಲೆಗಿಂತ್ಲೂ ವಾಸಿ ಕಣವ್ವ ಇದು. ಒಂದೇ ದಿನಕ್ಕೆ ಬೆರಳುದ್ದ ಮೊಳ್ಕೆ ಬಂದದೆ" ಅಂದರು ಅತ್ತೆ.

ಬಟ್ಟೆಯನ್ನು ಚೆನ್ನಾಗಿ ಹಿಂಡಿಟ್ಟಿದ್ದರು, ಸಾರೂ ಅಮೃತದಂತಿತ್ತು. ನಾನು ಸುಮ್ಮನಾದೆ. ಕಟ್ಟಿದ್ದಕ್ಕೆಲ್ಲ ಪೆನ್‌ಡ್ರೈವಿನಲ್ಲಿ ಒಂದು ಕಾಪಿ ಇಡಬೇಕು, ನಾಳೆ ಇಟ್ಟರಾಯಿತು ಎಂದುಕೊಳ್ಳುತ್ತ ಅದಕ್ಕೂ ಸುಮ್ಮನಿದ್ದೆ. ನಾಳೆ ಅಂದರೆ ಹಾಳು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಭಾನುವಾರದ ಅತಿಥಿಗಳಿಗೆ ಮೊಳಕೆ ಹುರುಳಿಯ ಸಾರು, ಮುದ್ದೆ ಎಂದು ತೀರ್ಮಾನವಾಗಿತ್ತು. ಶುಕ್ರವಾರ ಬೆಳಿಗ್ಗೆ ಅತ್ತೆ ಟವೆಲ್ಲಿನಲ್ಲಿ ಮಗುವಿನ ತಲೆಯಷ್ಟು ದಪ್ಪ ಗಂಟು ಕಟ್ಟಿ ಸರ್ವರಿನ ಮೇಲಿಟ್ಟರು. ಅತ್ತ ಮಳವಳ್ಳಿಯಲ್ಲಿ ಗೆಳತಿ ಹೊಲಿಗೆ ಬದಿಗಿಟ್ಟು ಬೆಳಿಗ್ಗೆಯಿಂದ ಶೆಡ್ಡಿಗೆ ಕೊನೆಯ ಕೈ ಹಾಕುತ್ತಿದ್ದಳು. ಅವಳು ಕಟ್ಟಿದಷ್ಟೂ ಇಲ್ಲಿ ಡಬ್ಬ ಬಿಸಿಯಾಯಿತು. ಡಬ್ಬ ಬಿಸಿಯಾದಷ್ಟೂ ಗಂಟು ಒಣಗಿತು. ಕಾಳು ಒಣಗಿ ಗಟ್ಟಿಯಾಗುತ್ತದೆಂದು ಅತ್ತೆ ಹೋಗಿ ಬಂದು ನೀರು ಚಿಮುಕಿಸಿದರು. ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದಾಗ ಕೋಣೆಯಿಂದ ಟಪ್ ಅಂತ ಶಬ್ದ ಬಂತು, ಹಿಂದೆಯೇ ಸುಟ್ಟ ವಾಸನೆ.

ಓಡಿಹೋಗಿ ಪ್ಲಗ್ಗು ಕಿತ್ತೆ. ಗುಂಯ್ ಅನ್ನುವ ಸದ್ದಿಲ್ಲ. ನೀರು ಮುಚ್ಚಳದ ಹಿಂದಿನ ಅಂಚಿನಿಂದ ಒಳಕ್ಕೆ ಇಳಿದಿತ್ತು. ಕೂಗಾಡುವುದಕ್ಕೆ ಬಾಯಿ ತೆರೆದೆ.

"ನಾನೇ ಕೊಂದ್ಬುಟ್ನಾ?" ಅಂದರು ಅತ್ತೆ, ಬಾಗಿಲಲ್ಲಿ ನಿಂತು.

ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಅತ್ತೆ ಗಂಟನ್ನು ಎತ್ತಿಕೊಂಡು, "ಕಾಳೇನೂ ಆಗಿಲ್ಲ ಬುಡು" ಎಂದು ಸಮಾಧಾನ ಹೇಳಿದರು. ಅಜ್ಜಿಗೆ ಅರಿವೆ ಚಿಂತೆ!

ಗೆಳತಿಯ ಫೋನು ಬಂತು. "ಏನಾಯ್ತೇ? ಶೆಡ್ಡಿಗೆ ತಗಡು ಒದಿಸ್ತಿದ್ದೆ, ಎಲ್ಲಾ ನಿಂತೋಯ್ತು!"

"ಟ್ರಾನ್ಸ್‌ಫಾರ್ಮರ್ ಸುಟ್ಟೋಗಿದೆ ಕಣೇ, ಕರೆಂಟಿಲ್ಲ" ಅಂದೆ. ನಮ್ಮ ಕಡೆ ಈ ಸುಳ್ಳನ್ನು ಯಾರೂ ಎರಡನೇ ಸಲ ಪ್ರಶ್ನಿಸುವುದಿಲ್ಲ. ಅವಳು ಅಪ್ಪನಿಗಾಗಿ ಕಟ್ಟಿದ್ದೆಲ್ಲ ಹುರುಳಿಕಾಳಿನ ನೀರಲ್ಲಿ ಹೋಯಿತೆಂದು ಯಾವ ಬಾಯಲ್ಲಿ ಹೇಳಲಿ? ಫೋನಿಟ್ಟು ಅತ್ತುಬಿಟ್ಟೆ.

ಶನಿವಾರ ಡಬ್ಬವನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಬಿಸಿಲಿಗಿಟ್ಟೆ. ಪಕ್ಕದಲ್ಲೇ ಅತ್ತೆಯ ಸಂಡಿಗೆ ಒಣಗುತ್ತಿತ್ತು. ಅತ್ತೆ ಕೊಡೆ ಬಿಚ್ಚಿಕೊಂಡು, ಕೋಲು ಹಿಡಿದು, ಇಡೀ ದಿನ ಕಾವಲು ಕೂತರು. ಕೋತಿ ಬಂದಾಗ ಸಂಡಿಗೆ ಬಿಟ್ಟು ನನ್ನ ಹಾರ್ಡ್ ಡಿಸ್ಕಿಗೇ ಅಡ್ಡ ನಿಂತರಂತೆ; ಕೋತಿ ಸಂಡಿಗೆ ಬಾಚಿಕೊಂಡು ಹೋಯಿತು. ಅದನ್ನು ಕೇಳಿದ ಮೇಲೆ ನನ್ನ ಉಳಿದರ್ಧ ಸಿಟ್ಟೂ ಇಳಿಯಿತು.

ಸುಟ್ಟದ್ದು ಎಸ್‌ಎಂಪಿಎಸ್, ಅಂದರೆ ಒಳಗೆಲ್ಲ ಕರೆಂಟು ಹಂಚುವ ಡಬ್ಬಿ. ಅಟ್ಟದಲ್ಲಿದ್ದ ಮೂರನೆಯ ಕಂಪ್ಯೂಟರಿನಿಂದ ಅದನ್ನು ಕಿತ್ತು, ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಜೋಡಿಸಿದೆ. ಸುಟ್ಟದ್ದರ ಜೊತೆ, ಆಟದ ಲೋಕವೆಲ್ಲ ಇರುವ ಡಿಸ್ಕೂ ಹೋಗಿದ್ದರೆ ಎಲ್ಲ ಮುಗಿಯಿತು. ಮಳವಳ್ಳಿಯ ಬಸ್ಸು ಆಗಲೇ ಹೊರಟಿತ್ತು. ಅತ್ತೆ ದೇವರ ಮನೆಯಿಂದ ಕುಂಕುಮ ತಂದರು. ಒದ್ದೆ ಇಲ್ಲ ತಾನೇ ಎಂದು ಕೇಳಿ ಹಚ್ಚಲು ಬಿಟ್ಟೆ. ಗುಂಡಿ ಒತ್ತಿದೆ. ಒಂದು ಸಲ ಕೆಮ್ಮಿ, ಗುಂಯ್ ಎಂದಿತು. ಅತ್ತೆ ಸೊಸೆ ಇಬ್ಬರೂ ಕೈ ಹಿಡಿದುಕೊಂಡು ಚಿಕ್ಕ ಹುಡುಗಿಯರ ಹಾಗೆ ಕುಣಿದೆವು. ಆಟ ತೆರೆದು ನೋಡಿದರೆ ಬೇವಿನ ಮರ ಅಲ್ಲೇ ಇತ್ತು, ತಗಡಿನ ಶೆಡ್ಡೂ ಇತ್ತು. ಮೊದಲು ಪೆನ್‌ಡ್ರೈವಿಗೆ ಕಾಪಿ ಮಾಡಿದೆ. ಅದು ಈಗಲೂ ಅತ್ತೆಯ ಸಾಸಿವೆ ಡಬ್ಬಿಯಲ್ಲಿದೆ, ಅಲ್ಲಿ ಯಾರೂ ಏನನ್ನೂ ಮುಟ್ಟುವಂತಿಲ್ಲ.

"ಬನ್ನಿ ಸಾಬ್ರೆ, ಕುಂತ್ಕಳಿ. ಉಳ್ಳಿಕಾಳ್ ಸಾರು, ಮುದ್ದೆ ಮಾಡಿವ್ನಿ" ಎಂದು ಅತ್ತೆ ಗೆಳತಿಯ ಅಪ್ಪನನ್ನು ಬರಮಾಡಿಕೊಂಡರು. ಅವರು ತಲೆಯೆತ್ತದೆ ಉಂಡರು. ಅತ್ತೆಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಎರಡನೇ ಸಲ ಸಾರು ಬಡಿಸುವಾಗ ಟ್ರಾನ್ಸ್‌ಫಾರ್ಮರ್ ಅಲ್ಲ, ಡಬ್ಬ ಸುಟ್ಟದ್ದೆಂದು ಕಾಳಿನ ನೀರಿನ ಕತೆಯನ್ನೆಲ್ಲ ಒದರಿಬಿಟ್ಟರು. ಗೆಳತಿ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಅವಳ ಅಪ್ಪ ಮೊದಲ ಸಲ ನಕ್ಕರು.

ಊಟವಾದ ಮೇಲೆ ಟಿವಿ ಹಾಕಿದೆವು. ಅವಳು ರಸ್ತೆಯಲ್ಲಿ ನಡೆದು, ಮರ ದಾಟಿ, ಶೆಡ್ಡಿನ ಮುಂದೆ ನಿಂತಳು. ಅವರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಗುಂಡಿ ನೋಡಿದರು, ಸರಪಳಿ ನೋಡಿದರು. ಗೆಳತಿ ಆಟ ಬಿಟ್ಟು ಅಪ್ಪನ ಮುಖವನ್ನೇ ನೋಡತೊಡಗಿದಳು. ತಪ್ಪು ಮಾಡಿದೆವೇನೋ, ಆರಿದ ಗಾಯ ಕೆರೆದೆವೇನೋ ಎಂದು ನನಗೆ ಭಯವಾಯಿತು.

"ಇಷ್ಟು ಕಿಲೀನಾಗಿ ಯಾವತ್ತಿತ್ತಮ್ಮ ನನ್ ಅಂಗ್ಡಿ?" ಅಂದರು ಕೊನೆಗೆ. "ಎಣ್ಣೆ ಎಲ್ಲಿ?"

ಅವಳು ನೆಲದ ಇಟ್ಟಿಗೆ ಕಿತ್ತು ಅಲ್ಲಲ್ಲಿ ಕಪ್ಪು ಇಟ್ಟಿಗೆ ಹಾಕತೊಡಗಿದಳು. ಅವರು ಎದ್ದು ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು. "ಅಲ್ಲಲ್ಲ, ಗುಂಡಿ ಪಕ್ಕ. ಇನ್ನೂ ಇತ್ಲಾಗೆ. ಬಾಗ್ಲತ್ರ ಇನ್ನೊಂದೀಟು." ಬಿಳಿ ನೆಲವೆಲ್ಲ ಮಸಿಯಾಯಿತು. ಅವರು ಎರಡು ಹೆಜ್ಜೆ ಹಿಂದೆ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದರು.

"ಆ, ಈಗ ಬಾಗ್ಲು ತೆಗಿಯಮ್ಮ" ಅಂದರು. "ಗಿರಾಕಿ ಬತ್ತಾರೆ."

ಸಂಜೆ ಊರು ಮುಟ್ಟಿದ ಮೇಲೆ ಗೆಳತಿ ಫೋನು ಮಾಡಿದಳು. ಬಸ್ಸಿಳಿದವಳು ಅಭ್ಯಾಸದಂತೆ ಹಿಂದಿನ ಬೀದಿಗೆ ತಿರುಗಿದಳಂತೆ. ಹಿಂದಿರುಗಿ ನೋಡಿದರೆ ಅಪ್ಪ ಜೊತೆಯಲ್ಲಿಲ್ಲ. ಅವರು ದೊಡ್ಡ ರಸ್ತೆಯಲ್ಲೇ ನಡೆದು ಹೋಗುತ್ತಿದ್ದರಂತೆ.